ಸುಟ್ಟುಹೋಗದ ರಿಜಿಸ್ಟರ್

ಅಣ್ಣ ಹಿತೇಶ್ ಆ ದಿನ ಕೆಲಸಕ್ಕೆಂದೇ ಫ್ಯಾಕ್ಟರಿಗೆ ಹೋಗಿದ್ದ ಎನ್ನುವುದಕ್ಕೆ ಶ್ರಾವ್ಯಾಳ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ.

ಹೆಣವಿತ್ತು. ಕಂಪನಿಗೆ ಅದು ಸಾಲದು. ದೆಹಲಿಯ ಪೀತಮ್‌ಪುರದಾಚೆಯ ಆ ಬ್ಯಾಟರಿ ಫ್ಯಾಕ್ಟರಿಗೆ ಬೆಂಕಿ ಬಿದ್ದು ಗುತ್ತಿಗೆ ಕೆಲಸಗಾರರು ಸತ್ತಾಗ, ‘ರಜೆಯ ದಿನ ಕಳ್ಳತನಕ್ಕೆ ನುಗ್ಗಿದ್ದರು’ ಎಂದು ಹೇಳಿಕೆ ಕೊಟ್ಟು ಕೈತೊಳೆದುಕೊಂಡಿತ್ತು.

2006ರ ಒಂದು ಬೆಳಿಗ್ಗೆ, ಸತ್ತವರ ಮನೆಯವರು ಹೂಡಿದ್ದ ಮೊಕದ್ದಮೆಯ ದಿನ, ದೆಹಲಿಯ ಕೋರ್ಟಿನ ಹೊರಗೆ ಟಿವಿಯವರ ನೂಕುನುಗ್ಗಲು. ಒಳಗೆ ಬೆಂಚಿನ ಮೇಲೆ ಕೂತಿದ್ದ ಶ್ರಾವ್ಯಾಳಿಗೆ ಬೆನ್ನು ಹಾಕಿ, ಕಪ್ಪು ಕೋಟಿನ ತರುಣನೊಬ್ಬ ಮೊಬೈಲಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದ. ದೆಹಲಿಯಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

"ಇಲ್ಲ ಚಂದ್ರಮೋಹನ್ ಸರ್, ಗೇಟ್ ರಿಜಿಸ್ಟರ್ ಸುಟ್ಟಿಲ್ಲ. ನಮ್ಮ ಆಫೀಸಿನ ಕಪಾಟಿನಲ್ಲೇ ಇದೆ. ಎಲ್ಲರ ಸಹಿನೂ ಇದೆ."

"ಹಿತೇಶ್ ಅನ್ನೋನ ಸಹಿ ಇದೆಯಾ?" ಎಂದಳು ಶ್ರಾವ್ಯಾ, ಅವನ ಬೆನ್ನ ಹಿಂದಿನಿಂದ.

ಅವನು ತಟ್ಟನೆ ತಿರುಗಿದ. ಮೊಬೈಲನ್ನು ಕಿವಿಯಿಂದ ಇಳಿಸಿದ.

"ನೀವು... ಕನ್ನಡದವರಾ?"

"ಆ ಕಳ್ಳನ ತಂಗಿ."

ಅವನು ಇಂದುಶೇಖರ, ಕಂಪನಿಯ ವಕೀಲ ಚಂದ್ರಮೋಹನರ ಜೂನಿಯರ್. ಸ್ವಲ್ಪ ಹೊತ್ತಿನಲ್ಲೇ ಚಂದ್ರಮೋಹನರು ನ್ಯಾಯಾಧೀಶರ ಮುಂದೆ ನಿಂತು, ರಿಜಿಸ್ಟರ್ ಬೆಂಕಿಯಲ್ಲಿ ಸುಟ್ಟಿದೆ ಎಂದರು. ಶ್ರಾವ್ಯಾ ಕೇಳಿಸಿಕೊಂಡದ್ದನ್ನು ಹೇಳಿ ಅವಳ ವಕೀಲರು ಕೂಗಾಡಿದರು. ಪುರಾವೆಯಿಲ್ಲದೆ ಸಿಕ್ಕಿದ್ದು ಮುಂದಿನ ತಾರೀಖು ಮಾತ್ರ. ಇಂದುಶೇಖರ ನೆಲ ನೋಡುತ್ತ ನಿಂತಿದ್ದ.

ನಾಚಿಕೆಗೆಟ್ಟವನು!

ಆ ಶನಿವಾರ ಅವನು ಕೇಸಿನ ಕಾಗದದಲ್ಲಿದ್ದ ವಿಳಾಸ ಹಿಡಿದು, ಆರ್.ಕೆ.ಪುರಂನಲ್ಲಿದ್ದ ಅವಳ ಅಪ್ಪ ಜಯಾನಂದರ ಹೋಟೆಲಿಗೆ ಬಂದ.

"ಕಂಪನಿ ಕಳಿಸಿತಾ?" ಎಂದಳು ಶ್ರಾವ್ಯಾ.

"ಇಲ್ಲ. ನಾನೇ ಬಂದೆ. ಅವತ್ತಿಂದ ನಿಮ್ಮ ಮುಖ ಕಣ್ಣಿಂದ ಹೋಗ್ತಿಲ್ಲ..."

"ನನ್ನ ಮುಖ ಬಿಡಿ. ರಿಜಿಸ್ಟರ್ ಇದೆ ಅಂತ ಕೋರ್ಟಲ್ಲಿ ಹೇಳಿ."

"ಕಕ್ಷಿದಾರರ ಗುಟ್ಟು ಹೇಳಿದ್ರೆ ನನ್ನ ವಕೀಲಿ ಸನ್ನದಿಗೇ ಕುತ್ತು."

"ಹೇಳದಿದ್ರೆ ನನ್ನಣ್ಣ ಕಳ್ಳನಾಗೇ ಇರ್ತಾನೆ. ಸರಿ, ದೋಸೆ ತಿಂದು ಎದ್ದೇಳಿ, ಗಿರಾಕಿಗಳು ಕಾಯ್ತಿದ್ದಾರೆ."

ಮುಂದಿನ ಮೂರು ಶನಿವಾರವೂ ಬಂದ. ಬೈಸಿಕೊಂಡು ಹೋದ. ಐದನೆಯ ಶನಿವಾರ ಬರಲಿಲ್ಲ. ಶ್ರಾವ್ಯಾ ಬಾಗಿಲತ್ತಲೇ ನೋಡುತ್ತಿದ್ದಳು. ಹಾಗೆ ನೋಡಿದ್ದಕ್ಕೆ ತನ್ನ ಮೇಲೇ ಉರಿದುಬಿದ್ದಳು. ಹೆದರಿ ಓಡಿಹೋದ, ಅಷ್ಟೇ... ಅವನಿಂದ ಇನ್ನೇನು ನಿರೀಕ್ಷಿಸಿದ್ದೆ?

ಸೋಮವಾರ ಕೋರ್ಟಿನಲ್ಲಿ, ರಿಜಿಸ್ಟರ್ ಸುಟ್ಟಿದೆ ಎಂಬ ಪ್ರಮಾಣಪತ್ರವನ್ನು ಚಂದ್ರಮೋಹನರು ಮುಂದೆ ಚಾಚಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದ.

"ಮಿಲಾರ್ಡ್, ಅದು ಸುಳ್ಳು. ರಿಜಿಸ್ಟರನ್ನು ಕಪಾಟಿನಲ್ಲಿ ಇಟ್ಟವನು ನಾನೇ."

ಎದ್ದವನು ಇಂದುಶೇಖರ. ನ್ಯಾಯಾಧೀಶರು ಆಗಲೇ ಕೋರ್ಟಿನ ಅಧಿಕಾರಿಯನ್ನು ಚಂದ್ರಮೋಹನರ ಆಫೀಸಿಗೆ ಅಟ್ಟಿದರು. ಮಧ್ಯಾಹ್ನದ ಹೊತ್ತಿಗೆ ರಿಜಿಸ್ಟರ್ ಬಂತು. ಬೆಳಿಗ್ಗೆ ಎಂಟು ಹತ್ತಕ್ಕೆ, ಕಂಪನಿಯೇ ಕರೆಸಿದ ಪಾಳಿಗೆ, ಹಿತೇಶ್ ಸಹಿ ಹಾಕಿದ್ದ.

ಹೊರಗೆ ಮೆಟ್ಟಿಲ ಬಳಿ ಶ್ರಾವ್ಯಾ ಅವನನ್ನು ತಡೆದಳು.

"ಶನಿವಾರ ಯಾಕೆ ಬರಲಿಲ್ಲ?"

"ಇದನ್ನ ಹೇಳದೆ ನಿಮ್ಮೆದುರು ಕೂರೋಕೆ ಆಗಲಿಲ್ಲ."

"ಮೊದಲ ದಿನವೇ ಹೇಳಬೇಕಿತ್ತು."

"ಹೌದು. ಹೇಳಬೇಕಿತ್ತು."

"ನನ್ನ ಸಿಟ್ಟು ಹೋಗಿಲ್ಲ ಇಂದುಶೇಖರ್."

"ಹೋಗೋ ತನಕ ಕಾಯಲಾ?"

ಅವಳು ಅವನ ಕೋಟಿನ ತೋಳು ಹಿಡಿದಳು. ಬಿಡಲಿಲ್ಲ.

"ದೂರ ನಿಂತು ಕಾಯೋದು ಬೇಡ. ಸಿಟ್ಟಿರುವಾಗಲೇ ಜೊತೆಗಿರಿ... ನನಗೆ ನೀವು ಬೇಕು."

ಇಂದುಶೇಖರನ ಕೆಲಸ ಅಂದೇ ಹೋಯಿತು. ಸನ್ನದು ಎರಡು ವರ್ಷ ಅಮಾನತಾಯಿತು. ಫ್ಯಾಕ್ಟರಿಯಲ್ಲಿ ಸತ್ತ ಹನ್ನೊಂದು ಮಂದಿಯ ಮೇಲಿದ್ದ ಕಳ್ಳರೆಂಬ ಹೆಸರು ಅಳಿಯಿತು.