ಜೀಪು ವಾಲಿದ ಕಡೆ

ಜೀಪು ಹಳ್ಳಕ್ಕೆ ದಡಕ್ಕನೆ ಇಳಿಯಿತು. ಹಿಂದುಗಡೆ ಎಲ್ಲೋ ಟಣ್ ಎಂದು ಸದ್ದಾಯಿತು. ಅಪ್ಪ ಬ್ರೇಕ್ ಹಾಕಿದರು. ಜೀಪು ಎಡಕ್ಕೆ ವಾಲಿಕೊಂಡು ನಿಂತಿತು.

ಎಡಗಡೆ ಕೂತಿದ್ದವನು ಡುಮ್ಮಣ್ಣ. ಅವನಿಗೆ ಬೇರೆ ಹೆಸರಿದೆ, ಆದರೆ ಅದು ಸ್ಕೂಲಿನ ಹಾಜರಿಗೆ ಮಾತ್ರ. ಅವನು ತಟಕ್ಕನೆ ಮಧ್ಯಕ್ಕೆ ಸರಿದ. ಬೆಳಿಗ್ಗೆ ಹೊರಡುವಾಗಲೇ ಅಕ್ಕ ಹೇಳಿದ್ದಳಲ್ಲ!

"ಲೋ ಡುಮ್ಮಣ್ಣ, ಮಧ್ಯ ಕೂತ್ಕೋ. ಇಲ್ಲಾಂದ್ರೆ ಜೀಪು ನಿನ್ನ ಕಡೆ ವಾಲುತ್ತೆ."

ಆಗ ಅಪ್ಪ ನಕ್ಕಿದ್ದರು. ಡುಮ್ಮಣ್ಣನೂ ನಕ್ಕಿದ್ದ. ಈಗ ಯಾರಿಗೂ ನಗು ಬರಲಿಲ್ಲ.

ಅಮ್ಮ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ನೋಡಿ ತಿಂಗಳುಗಳೇ ಆಗಿದ್ದವು. ಅವಳಿಗೆ ನಾಳೆ ಒಂದೇ ದಿನ ರಜೆ. ಇವತ್ತು ರಾತ್ರಿಯೊಳಗೆ ಆ ಊರು ಸೇರದಿದ್ದರೆ ಆ ರಜೆ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಅಪ್ಪ ಜೀಪಿನ ಕೆಳಗೆ ಬಗ್ಗಿ ನೋಡಿದರು. "ಸ್ಪ್ರಿಂಗ್ ಪ್ಲೇಟ್ ಕಟ್ಟಾಗಿದೆ. ಇಡೀ ಜೀಪಿನ ಭಾರ ಹೊರೋದೇ ಅದು" ಎಂದರು.

ಭಾರ ಎಂದದ್ದೇ ತಡ, ಡುಮ್ಮಣ್ಣ ಜೀಪಿನಿಂದ ಇಳಿದು ದೂರ ನಿಂತ.

ಸ್ವಲ್ಪ ಮುಂದೆ ಒಂದು ಗ್ಯಾರೇಜ್ ಕಾಣುತ್ತಿತ್ತು. ನಿಧಾನಕ್ಕೆ ಅಲ್ಲಿಯವರೆಗೆ ಹೋಗೋಣ, ಹತ್ತಿ ಎಂದರು ಅಪ್ಪ. ಡುಮ್ಮಣ್ಣ ಹತ್ತಲಿಲ್ಲ. ನಡೆದೇ ಬರುತ್ತೇನೆ ಎಂದು ಹಟ ಹಿಡಿದ. ಜೀಪು ಕುಂಟುತ್ತಾ ಮುಂದೆ ಹೋಯಿತು. ಅವನು ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ ಹಿಂದೆ ನಡೆದ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಜಾಕ್ ಕೊಟ್ಟು ಜೀಪನ್ನು ಎತ್ತಿದ. ಅಪ್ಪ ನಿಂತುಕೊಂಡೇ ಡಬ್ಬಿಯಿಂದ ತಮ್ಮ ಪಾಲಿನ ಬ್ರೆಡ್ಡು ತೆಗೆದು ತಿಂದು, ಡುಮ್ಮಣ್ಣನನ್ನೂ ಕರೆದರು. ಹಸಿವಿಲ್ಲ ಎಂದುಬಿಟ್ಟ. ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲಿರಬೇಕು.

ಕೊನೆಗೆ ತಡೆಯಲಾರದೆ ಅಪ್ಪನ ಹತ್ತಿರ ಹೋದ.

"ಅಪ್ಪಾ, ನೀನೂ ಅಕ್ಕನೂ ಹೋಗಿ ಅಮ್ಮನ್ನ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."

ಅಪ್ಪ ಅಮ್ಮನಿಗೆ ಫೋನ್ ಮಾಡಲು ನೋಡುತ್ತಿದ್ದರು. "ತಲೆ ತಿನ್ಬೇಡ ಕಣೋ" ಎಂದರು, ಅವನ ಮುಖ ನೋಡದೆ. ಡುಮ್ಮಣ್ಣನ ಕಣ್ಣು ತುಂಬಿತು.

ಅಷ್ಟರಲ್ಲಿ ಮೆಕ್ಯಾನಿಕ್ ಮುರಿದ ಪಟ್ಟಿಯನ್ನು ಬಿಚ್ಚಿ ತಂದ. ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿ, ಎರಡು ತುಂಡಾಗಿತ್ತು.

"ಸಾರ್, ಇದು ಇವತ್ತು ಮುರಿದದ್ದಲ್ಲ. ಬಿರುಕು ಬಿಟ್ಟು ಯಾವ ಕಾಲವಾಯ್ತೋ! ಕಿರ್ ಕಿರ್ ಅಂತಿರ್ಲಿಲ್ವಾ?"

ಅಪ್ಪ ಕತ್ತು ಕೆರೆದುಕೊಂಡರು. ಜೀಪು ಕಿರುಗುಟ್ಟಿದಾಗಲೆಲ್ಲ 'ನೋಡೋಣ ಬಿಡು' ಎಂದವರು ಅವರೇ.

ಡುಮ್ಮಣ್ಣ ಒಂದು ತುಂಡನ್ನು ಎತ್ತಿಕೊಂಡು ಮುರಿದ ಜಾಗ ನೋಡಿದ. ಪೂರ್ತಿ ಕಂದು ಬಣ್ಣದ ತುಕ್ಕು. ಅಂಚಿನಲ್ಲಿ ಮಾತ್ರ ಉಗುರಿನಷ್ಟು ಜಾಗ ಫಳಫಳ ಹೊಳೆಯುತ್ತಿತ್ತು. ಇವತ್ತು ಮುರಿದದ್ದು ಅಷ್ಟೇ. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಇದ್ದಕ್ಕಿದ್ದಂತೆ ಹೊಟ್ಟೆ ಚುರುಗುಟ್ಟಿತು.

ಓಡಿಹೋಗಿ ಬ್ರೆಡ್ಡಿನ ಡಬ್ಬಿ ತೆಗೆದ. ಒಳಗೆ ಎರಡು ಪಾಲು ಹಾಗೇ ಇದ್ದವು.

ಅಕ್ಕ ಹಳೇ ಟೈರಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಜೀಪು ನಿಂತಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ.

"ನೀನ್ಯಾಕೆ ತಿಂದಿಲ್ಲ?"

"ಹಸಿವಿಲ್ಲ" ಎಂದಳು. "ನಾನು ಹಾಗೆ ಅನ್ಬಾರ್ದಿತ್ತು ಕಣೋ. ಅಂದಿದ್ದೇ ಆಗ್ಹೋಯ್ತು."

ಡುಮ್ಮಣ್ಣ ಕಬ್ಬಿಣದ ತುಂಡನ್ನು ತಂದು ಅವಳ ಮಡಿಲಲ್ಲಿಟ್ಟು, ತುಕ್ಕು ಹಿಡಿದ ಜಾಗ ತೋರಿಸಿದ.

"ನೋಡೇ, ಇದು ಹಳೇದು."

ಅಕ್ಕ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ಡಬ್ಬಿಗೆ ಕೈ ಹಾಕಿದಳು.

ಹೊಸ ಪ್ಲೇಟ್ ಹಾಕಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಈಗ ಹೊರಟರೂ ರಾತ್ರಿ ಊಟದ ಹೊತ್ತಿಗೆ ಅಮ್ಮ ಸಿಗುತ್ತಾಳೆ ಎಂದರು ಅಪ್ಪ. ಡುಮ್ಮಣ್ಣ ಹತ್ತಿ ಎಡಗಡೆ ಕಿಟಕಿಗೆ ಒರಗಿ ಕೂತ.

ಅಕ್ಕ ತನ್ನ ಬಲಗಡೆಯ ಕಿಟಕಿ ಬಿಟ್ಟು ಬಂದು ಅವನಿಗೆ ಅಂಟಿಕೊಂಡು ಕೂತಳು.