ಬ್ಲೆಡ್ ಸರೋವರಕ್ಕೆ ಹೋದ ಬುತ್ತಿ

ಗದಗಿನ ಹಳೆಯ ಹತ್ತಿ ಗೋದಾಮಿನೊಳಗಿದ್ದ ಬಾಗಿಲು ತೆರೆದುಕೊಂಡಾಗ ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಆಚೆ ಕಂಡದ್ದು ಸ್ಲೊವೇನಿಯಾದ ಬ್ಲೆಡ್ ಸರೋವರ, ಅದರ ನಡುಗಡ್ಡೆಯಲ್ಲೊಂದು ಚರ್ಚು, ಹಿಂದೆ ಹಿಮ ಹೊತ್ತ ಆಲ್ಪ್ಸ್. ಬೆಟಗೇರಿಯ ಎಂಟು ನೇಕಾರ ಹೆಂಗಸರು ಸೆರಗು ಬಿಗಿದು, ನೆರೆಮನೆಗೆ ಹೋದಷ್ಟು ಸಲೀಸಾಗಿ ಯುರೋಪಿಗೆ ಕಾಲಿಟ್ಟರು. ಅವರ ಹಿಂದೆ ಬಾಗಿಲು ಮುಚ್ಚಿತು.

ಅದು ೨೦೬೩ನೆಯ ಇಸವಿ. ಈ ಮಡಿಕೆ ಬಾಗಿಲನ್ನು ಕಂಡುಹಿಡಿದವಳು ವಿಜ್ಞಾನಿ ಶಾಲ್ಮಲಾ ಹೊಸಮನಿ. ಸೀರೆ ಮಡಚಿದಾಗ ಅದರ ಎರಡು ತುದಿ ಕೂಡುವಂತೆ, ಅವಳ ಯಂತ್ರ ಎರಡು ಊರುಗಳ ನಡುವಿನ ಅಂತರವನ್ನೇ ಮಡಚುತ್ತಿತ್ತು. ಆದರೆ ಆಚೆಗೆ ಹೋದಷ್ಟೇ ತೂಕ ಈಚೆಗೆ ಮರಳಬೇಕು. ಇಲ್ಲವಾದರೆ ಬಾಗಿಲು ತೆರೆಯದು. ಒಂದು ತಾಸಿನ ಮೇಲೆ ಮಡಿಕೆಯೇ ಬಿಚ್ಚಿಕೊಳ್ಳುತ್ತದೆ, ಹೋದವರು ಆಚೆಯೇ ಉಳಿಯುತ್ತಾರೆ. ಇಂದಿನ ಪರೀಕ್ಷೆ ಗೆದ್ದರೆ ಪರವಾನಗಿ, ಸೋತರೆ ಯಂತ್ರಕ್ಕೆ ಮೊಹರು. ಸರ್ಕಾರದ ಪರೀಕ್ಷಕ ನಾಡಿಗೇರ ಪಕ್ಕದಲ್ಲೇ ಕೂತಿದ್ದರು. ಎಷ್ಟು ಸಲ ತಾಳೆ ನೋಡಿದ್ದರೂ ಶಾಲ್ಮಲಾ ತೂಕದ ಲೆಕ್ಕವನ್ನು ಮತ್ತೊಮ್ಮೆ ನೋಡಿದಳು.

ತಾಸು ಮುಗಿಯುತ್ತ ಬಂತು. ಹೆಂಗಸರು ಆಚೆಯ ತೂಕದ ಕಟ್ಟೆ ಹತ್ತಿದರು. ಕೆಂಪು ದೀಪ ಬೆಳಗಿತು. ಏಳು ಕಿಲೊ ಕಡಿಮೆ!

"ಫಕೀರವ್ವಾ, ಅಲ್ಲೇನರ ಬಿಟ್ಟೀರೇನು?" ಶಾಲ್ಮಲಾ ಮೈಕಿನಲ್ಲಿ ಕೂಗಿದಳು.

ಗುಂಪಿನ ಹಿರಿಯಳು ಪರದೆಯ ಮೇಲೆ ನಕ್ಕಳು. "ಏನೂ ಬಿಟ್ಟಿಲ್ಲರೀ ಬಾಯಾರ. ಬುತ್ತಿ ಉಂಡ್ವಿ, ಅಷ್ಟ."

"ಉಂಡದ್ದು ಹೊಟ್ಯಾಗ ಇರತೈತಿ, ತೂಕ ಹೆಂಗ ಇಳೀತದ?"

"ನಾವಷ್ಟ ಉಣ್ಣಾಕ ಬರತೈತೇನ್ರೀ? ದೋಣಿಯವ್ರು ಮಾರಿ ನೋಡ್ಕೋತ ಕುಂತಿದ್ರು. ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ ಎಲ್ಲಾ ಹಂಚಿದ್ವಿ. ಒಬ್ಬಾಂವ ಖಾರಕ್ಕ ಅಳಾಕತ್ತಾನ, ಆದ್ರೂ ಇನ್ನೊಂದ ಕೇಳ್ತಾನ!"

ಬುತ್ತಿಯನ್ನು ತಂದವರೇ ತಿಂದು ಮುಗಿಸುತ್ತಾರೆ ಎಂದು ಶಾಲ್ಮಲಾ ಲೆಕ್ಕ ಹಾಕಿದ್ದಳು. ಇದೇ ಊರಲ್ಲಿ ಬೆಳೆದವಳು, ಹಾಗೆ ಹೇಗೆ ಎಣಿಸಿದಳೋ!

"ನಾಲ್ಕು ಕಲ್ಲು ತುಂಬಿಕೊಳ್ರಿ," ಎಂದಳು ಗಾಬರಿಯಿಂದ.

"ಆಗಂಗಿಲ್ಲ," ಎಂದರು ನಾಡಿಗೇರ. "ಆ ದೇಶದ ಜೋಡಿ ಒಪ್ಪಂದ ಐತಿ. ಒಂದು ಹರಳೂ ಎತ್ತಿಕೊಂಡು ಬರಬಾರದು."

ಅಷ್ಟರಲ್ಲಿ ಅಲ್ಲಿಯ ಮುದುಕಿಯೊಬ್ಬಳು ಓಡುತ್ತ ಬಂದು ಫಕೀರವ್ವನ ಖಾಲಿ ಡಬ್ಬಿ ಕಸಿದು, ಅಕ್ರೋಟು ತುಂಬಿದ ರೊಟ್ಟಿ ಹಾಕಿ ಗದರಿದಳು. ಅನುವಾದ ಯಂತ್ರ ಹೇಳಿತು: "ಉಂಡು ಖಾಲಿ ಡಬ್ಬಿ ಕಳಿಸೋಕೆ ನಮಗೆ ನಾಚಿಕೆ ಇಲ್ಲವೇ?" ಅವಳ ಹಿಂದೆ ದೋಣಿಯವರು ಚೀಸ್, ಜೇನು, ಪೇರ್ ಹಣ್ಣು ಹಿಡಿದು ನಿಂತಿದ್ದರು.

"ಸರ, ಇವ್ರು ಎತ್ತಿಕೊಂಡಿಲ್ಲ. ಅವ್ರು ಕೊಡಾಕತ್ತಾರ," ಎಂದಳು ಶಾಲ್ಮಲಾ.

ನಾಡಿಗೇರ ಒಪ್ಪಂದದ ಹಾಳೆ ತಿರುವಿದರು. "ಕೊಟ್ಟದ್ದ ಬ್ಯಾಡ ಅನ್ರಿ ಅಂತ ಒಪ್ಪಂದದಾಗ ಬರದಿಲ್ಲ. ಹೂಂ, ತುಂಬಲಿ."

ಡಬ್ಬಿಗಳು ತುಂಬಿದಂತೆ ಕೊರತೆ ಇಳಿಯಿತು. ಹೆಚ್ಚಾದ ಒಂದು ಹಣ್ಣನ್ನು ಫಕೀರವ್ವ ಮುದುಕಿಗೇ ಮರಳಿಸಿದಳು. ಹಸಿರು ದೀಪ! ಬಾಗಿಲು ತೆರೆಯಿತು. ಗೋದಾಮಿನ ತಗಡು ಅದುರುವಂತೆ ಜನ ಕೇಕೆ ಹಾಕಿದರು.

ಪರವಾನಗಿ ಬಂತು. ಬುತ್ತಿ ಇಲ್ಲದವರಿಗೆ ಪ್ರವೇಶವಿಲ್ಲ ಎಂಬ ಷರತ್ತನ್ನು ನಾಡಿಗೇರರೇ ಸೇರಿಸಿದರು.

ಅಂಥ ಯಂತ್ರ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ನಾವೀಗ ದೂರದ ಊರಿಗೆ ಹಾರಿ, ಫೋಟೊ ತೆಗೆದು, ಅಲ್ಲಿಯ ಒಬ್ಬರ ಹೆಸರನ್ನೂ ಕೇಳದೆ ಮರಳುತ್ತೇವೆ. ಕೊಟ್ಟದ್ದೂ ಇಲ್ಲ, ಪಡೆದದ್ದೂ ಇಲ್ಲ, ಹಾಗಾಗಿ ಯಾವ ಬಾಗಿಲೂ ನಮ್ಮನ್ನು ತಡೆಯುವುದಿಲ್ಲ.