ತಳದ ಮಾಲು

ಕುತ್ತಿಗೆಯ ಮೇಲೆ ಕುಡುಗೋಲು... ಕೈಯಲ್ಲಿ ಇಟಲಿಯ ವೈನು!

ಗ್ಲಾಸಿನಲ್ಲಲ್ಲ, ಸ್ಟೀಲ್ ಲೋಟದಲ್ಲಿ. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಇನ್ನೇನು ಸಿಗುತ್ತದೆ ಹೇಳಿ?

ಎದುರಿಗೆ ಮಿಲ್ ಮಾಲೀಕ ಸಂಗನಬಸವ. ನನ್ನ ಬೆನ್ನ ಹಿಂದೆ ಕುಡುಗೋಲು ಹಿಡಿದವನು ಅವನ ಬಂಟ ಹೊನ್ನೂರಪ್ಪ. ಕಂಬಕ್ಕೆ ಕಟ್ಟಿದ್ದು ಮಿಲ್ಲಿನ ಡ್ರೈವರ್ ವಾಸಿಂನನ್ನು. ತುಟಿ ಒಡೆದಿತ್ತು.

ಅವನ ತಾಯಿ ಜಮೀಲಾಬೀ ಮಸ್ಕಿಯಿಂದ ಲಿಂಗಸುಗೂರಿಗೆ ಬಂದು ನನ್ನ ಬಾಗಿಲು ಬಡಿದಿದ್ದರು. ಸಿಕ್ಕಿಬಿದ್ದವರನ್ನು ಬಿಡಿಸುವುದು ನನ್ನ ಕಸುಬು.

ಆಗಿದ್ದು ಇಷ್ಟೇ. ಇಟಲಿಯಲ್ಲೊಂದು ಮನೆತನ. ಬಯಲಲ್ಲಿ ಭತ್ತ, ಗುಡ್ಡದ ಮೇಲೆ ದ್ರಾಕ್ಷಿ. ನಾಲ್ಕು ತಲೆಮಾರಿನಿಂದ ಮನೆಯಲ್ಲೇ ವೈನ್ ಮಾಡುತ್ತಾರೆ. ನಮ್ಮ ಸೋನಾ ಮಸೂರಿ ನೋಡಿಹೋದ ಆ ಮನೆಯ ಹಿರಿಯ, ಹದಿನೈದು ವರ್ಷ ಹಳೆಯ ಕೆಂಪು ವೈನೊಂದನ್ನು ಸಂಗನಬಸವನಿಗೆ ಕಳಿಸಿದ್ದ. ಹೈದರಾಬಾದಿನಿಂದ ತಂದವನು ವಾಸಿಂ.

ಸಂಗನಬಸವ ಬೆಳಿಗ್ಗೆ ರುಚಿ ನೋಡಿದ. ಉಗುಳಿದ. ಕಹಿ, ಕೆಸರು! ವಾಸಿಂ ಅಸಲಿ ಮಾಲು ಕುಡಿದು ಬೇರೇನೋ ತುಂಬಿದ್ದಾನೆಂದು ತೀರ್ಪು ಕೊಟ್ಟ.

ಗೋವಾದಲ್ಲಿ ಆರು ವರ್ಷ ವೈನ್ ಬಡಿಸಿದವನು ನಾನು ಅಂದೆ. ಅದಕ್ಕೇ ಲೋಟ ಕೈಗೆ ಬಂತು.

"ಕುಡಿ ನಿಂಗ್ಯಾ. ಅಸಲಿ ಇದ್ರ ತೋರ್ಸು. ಇಲ್ಲಂದ್ರ ಇಬ್ರೂ ಕಾಲುವಿಗೆ," ಅಂದ ಸಂಗನಬಸವ.

ಕುಡಿದೆ. ನಾಲಿಗೆ ಒಣಗಿತು. ಹಲ್ಲಿಗೆ ಮರಳು ಸಿಕ್ಕಂತಾಯಿತು. ಆದರೆ ವಾಸನೆ... ಒಣಗಿದ ಗುಲಾಬಿ! ಇಂಥದ್ದನ್ನು ಯಾವ ಡ್ರೈವರನೂ ತಯಾರಿಸಲಾರ.

ಹೇಗೆ ಬಗ್ಗಿಸಿದಿರಿ ಎಂದು ಕೇಳಿದೆ. ಸಂಗನಬಸವ ಒಂದು ಸಲೈನ್ ಪೈಪ್ ತೋರಿಸಿದ. ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರಲ್ಲ? ಹಾಗೆ ಬಾಟಲಿಗೆ ಪೈಪ್ ಇಳಿಸಿ ತಳದಿಂದ ಎಳೆದಿದ್ದ!

"ಚೀಲದ ಬಾಯಾಗ ಎಲ್ಲಾರೂ ಚಲೋ ಮಾಲ ಇಡ್ತಾರ," ಅಂದ. "ಮೋಸ ತಳದಾಗ ಇರತೈತಿ."

ತಲೆ ಚಚ್ಚಿಕೊಳ್ಳಬೇಕೆನಿಸಿತು. ಕುಡುಗೋಲು ಅಡ್ಡ ಇತ್ತು.

"ಸಾವ್ಕಾರ್ರ, ಹೊಸ ಅಕ್ಕಿ ಉಣ್ತೀರೇನು? ವರ್ಷ ಇಟ್ಟು ಉಣ್ತೀರಿ. ಇದೂ ಹಂಗ. ಇಟ್ಟಷ್ಟು ಚರಟ ತಳಕ್ಕ ಕುಂದರತೈತಿ. ಮ್ಯಾಲಿಂದು ಬಗ್ಗಿಸಿ ಒಂದು ತಾಸು ಗಾಳಿಗಿಡಬೇಕ್ರಿ."

"ತಾಸಾದ ಮ್ಯಾಲೂ ಕಹಿ ಇದ್ರ?"

"ಕಾಲುವಿ ಎಲ್ಲಿ ಹೋಗತೈತ್ರಿ?"

ಬೆಳಗಿನಿಂದ ಬಾಟಲಿ ಒದ್ದೆ ಗೋಣಿಯಲ್ಲಿ ನಿಂತೇ ಇತ್ತು, ಕಲಕಿದ ಚರಟ ಮತ್ತೆ ತಳ ಸೇರಿತ್ತು, ನಮ್ಮ ಪುಣ್ಯ. ಅಗಲ ಪಾತ್ರೆಗೆ ನಿಧಾನ ಬಗ್ಗಿಸಿದೆ. ಕೈ ನಡುಗಿದರೆ ಚರಟ ಮೇಲೇಳುತ್ತದೆ. ಕೆಸರು ಕುತ್ತಿಗೆಗೆ ಬಂದಾಗ ನಿಲ್ಲಿಸಿದೆ... ಬಾಟಲಿಯ ಕುತ್ತಿಗೆಗೆ.

ಒಂದು ತಾಸು. ವಾಸಿಂ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ತಪ್ಪಿಸಲು ನಾನು ಪಾತ್ರೆ ನೋಡುತ್ತಿದ್ದೆ.

ಸಂಗನಬಸವ ಲೋಟ ಎತ್ತಿದ. ಭತ್ತದ ಕಾಳು ಕಚ್ಚಿ ನೋಡುವವನಂತೆ ಬಾಯಲ್ಲೇ ಇಟ್ಟುಕೊಂಡ. ನುಂಗಿದ. ಕಣ್ಣು ಮುಚ್ಚಿದ.

"ಮೊದಲ ಒಗರು..." ಅಂದ. "ಆಮ್ಯಾಲೆ ನೇರಳಿಹಣ್ಣು. ಆಮ್ಯಾಲೆ... ಅಜ್ಜಿ ಕಟಿಗಿ ಪೆಟಿಗಿ ತೆಗದಂಗ."

ಮತ್ತೊಂದು ಗುಟುಕು.

"ಹೊನ್ನೂರ, ಬಿಚ್ಚಲೇ ಅವನ್ನ."

ತಾನೇ ಎದ್ದುಹೋಗಿ ವಾಸಿಂಗೆ ಲೋಟ ಚಾಚಿದ. ಕ್ಷಮೆ ಕೇಳಲು ಅವನಿಗೆ ಬರುತ್ತಿದ್ದುದು ಅಷ್ಟೇ.

"ನಾ ಕುಡಿಯಂಗಿಲ್ರಿ," ಅಂದ ವಾಸಿಂ. "ಹುಟ್ಟಿದಾಗಿಂದ ಮುಟ್ಟಿಲ್ರಿ. ನೀವು ಕೇಳಲಿಲ್ಲ."

ಲೋಟ ಗಾಳಿಯಲ್ಲೇ ಉಳಿಯಿತು. ನಾವು ಹೊರಟೆವು.

ತಾಯಿಯ ಮನೆಗೆ ಬಿಡುವ ಮುಂಚೆ ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ಅವನಿಗೆ ಚಹಾ ಕುಡಿಸಿದೆ. ಒಡೆದ ತುಟಿಯಲ್ಲಿ ನಿಧಾನ ಕುಡಿದ.

ಗ್ಲಾಸಿನ ತಳದಲ್ಲಿ ಚಹಾಪುಡಿ ಉಳಿದಿತ್ತು. ಅದಕ್ಕಾಗಿ ನಾವು ಯಾರನ್ನೂ ಕಟ್ಟಿಹಾಕಲಿಲ್ಲ.